ಆ ರಾಜ್ಯದಲ್ಲಿ ಗಂಡ-ಹೆಂಡತಿ, ಈ ರಾಜ್ಯದಲ್ಲಿ?

2013ರ ಜುಲೈ 11ರಂದು ಒಂದು ಪುಟ್ಟ ಮೆಡಿಕಲ್ ವಿಮಾನ ಅಮೆರಿಕದ ಒಹಾಯೊ ರಾಜ್ಯದಿಂದ ಹೊರಟು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಒಳಗೆ ಜಾನ್ ಆರ್ಥರ್ ಮಲಗಿದ್ದರು. ಎಎಲ್‌ಎಸ್ ಎಂಬ ನರಗಳ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತ್ತು. ಪಕ್ಕದಲ್ಲಿ ಜಿಮ್ ಒಬರ್ಗಫೆಲ್. ಇಬ್ಬರೂ ಸುಮಾರು 20 ವರ್ಷದಿಂದ ಜೊತೆಗೆ ಬಾಳಿದವರು. ವಿಮಾನ ನಿಂತಲ್ಲೇ, ಇಬ್ಬರೂ ಕೆಳಗೆ ಇಳಿಯದೆ, ಅವರ ಮದುವೆ ನಡೆಯಿತು. ಆಮೇಲೆ ವಿಮಾನ ವಾಪಸ್ ಊರಿಗೆ ಹಾರಿತು.

ಇಷ್ಟು ಕಷ್ಟಪಟ್ಟು ಮೇರಿಲ್ಯಾಂಡಿಗೇ ಯಾಕೆ ಹೋದರು? ಎರಡು ಕಾರಣ. ಒಹಾಯೊದಲ್ಲಿ ಇಬ್ಬರು ಗಂಡಸರು ಮದುವೆಯಾಗುವಂತಿರಲಿಲ್ಲ. 2004ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಅದನ್ನು ತಡೆದಿದ್ದರು. ಮೇರಿಲ್ಯಾಂಡಿನಲ್ಲಿ ಆಗಬಹುದಿತ್ತು. ಇನ್ನೊಂದು ಕಾರಣ ಸಣ್ಣದು, ಆದರೆ ಅದೇ ಎಲ್ಲ ನಿರ್ಧರಿಸಿದ್ದು. ಮೇರಿಲ್ಯಾಂಡಿನಲ್ಲಿ ಮದುವೆ ಲೈಸೆನ್ಸ್ ತೆಗೆದುಕೊಳ್ಳಲು ಇಬ್ಬರೂ ಕಚೇರಿಗೆ ಹೋಗಬೇಕಿಲ್ಲ, ಒಬ್ಬರು ಹೋದರೆ ಸಾಕು. ಹಾಗಾಗಿ ಒಬರ್ಗಫೆಲ್ ಮೊದಲು ಒಬ್ಬರೇ ಹೋಗಿ ಲೈಸೆನ್ಸ್ ತಂದಿದ್ದರು.

ಮನೆಗೆ ಮರಳಿದ ಮೇಲೆ ನಿಜವಾದ ಪ್ರಶ್ನೆ ಎದುರಾಯಿತು. ಜಾನ್ ತೀರಿಕೊಂಡರೆ ಅವರ ಡೆತ್ ಸರ್ಟಿಫಿಕೇಟ್ ಕೊಡುವುದು ಒಹಾಯೊ. ಅದರಲ್ಲಿ 'ವಿವಾಹಿತ' ಎಂದು ಬರೆಯುತ್ತಾರಾ, 'ಅವಿವಾಹಿತ' ಎಂದಾ? ಮೇರಿಲ್ಯಾಂಡಿನ ಪ್ರಕಾರ ಅವರು ದಂಪತಿ. ಒಹಾಯೊದ ಪ್ರಕಾರ ಒಂದೇ ಮನೆಯಲ್ಲಿದ್ದ ಇಬ್ಬರು ಪರಿಚಿತರು, ಅಷ್ಟೇ.

ಅಮೆರಿಕದ ಮದುವೆ ಕಾನೂನು ಅರ್ಥವಾಗಬೇಕಾದರೆ ಈ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಒಂದು, ನಮ್ಮ ರಾಜ್ಯದಲ್ಲಿ ಯಾರು, ಹೇಗೆ ಮದುವೆಯಾಗಬಹುದು ಎಂಬುದು. ಇನ್ನೊಂದು, ಬೇರೆ ರಾಜ್ಯದಲ್ಲಿ ಆದ ಮದುವೆಯನ್ನು ನಾವು ಮದುವೆ ಎಂದು ಒಪ್ಪುತ್ತೇವೆಯೇ ಎಂಬುದು. ಮೊದಲನೆಯದರ ಬಗ್ಗೆ ಗಲಾಟೆ ಜಾಸ್ತಿ. ಆದರೆ ಜನರ ಬದುಕು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎರಡನೆಯದರಲ್ಲಿ.

ಅಮೆರಿಕದ ಸಂವಿಧಾನದಲ್ಲಿ ಮದುವೆ ಎಂಬ ಪದವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳದ್ದು ಎನ್ನುವುದು ಅಲ್ಲಿನ ಮೂಲ ನಿಯಮ. ಹಾಗಾಗಿ 50 ರಾಜ್ಯ, ರಾಜಧಾನಿ ವಾಷಿಂಗ್ಟನ್ ಡಿ.ಸಿ., ಎಲ್ಲಕ್ಕೂ ಅವರವರದೇ ಮದುವೆ ಕಾನೂನು. ದೇಶಕ್ಕೆಲ್ಲ ಒಂದೇ ಮದುವೆ ಕಚೇರಿ ಇಲ್ಲ, ಒಂದೇ ದಾಖಲೆ ಪುಸ್ತಕವೂ ಇಲ್ಲ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಜೋಡಿ ಕೌಂಟಿ (ಅಂದರೆ ಅಲ್ಲಿನ ಜಿಲ್ಲೆ) ಕಚೇರಿಗೆ ಹೋಗಿ ಲೈಸೆನ್ಸ್ ಪಡೆಯುತ್ತದೆ. ಪಾದ್ರಿಯೋ ನ್ಯಾಯಾಧೀಶರೋ ಮದುವೆ ಮಾಡಿಸಿ ಅದಕ್ಕೆ ಸಹಿ ಹಾಕುತ್ತಾರೆ. ಆ ಕಾಗದ ವಾಪಸ್ ಕಚೇರಿಗೆ ಹೋಗಿ ದಾಖಲಾಗುತ್ತದೆ. ಲೈಸೆನ್ಸ್ ಅಂದರೆ ಮದುವೆಯಾಗಲು ಅನುಮತಿ. ಮದುವೆ ಆಗಿದೆ ಎನ್ನಲು ಆಮೇಲೆ ಸಿಗುವ ಸರ್ಟಿಫಿಕೇಟ್ ಬೇಕು. ಲೈಸೆನ್ಸನ್ನೇ ಸರ್ಟಿಫಿಕೇಟ್ ಅಂದುಕೊಂಡು ಫ್ರೇಮ್ ಹಾಕಿಸಿ ಸುಮ್ನೆ ಕೂರುವವರೂ ಇದ್ದಾರೆ!

ವಿವರಗಳಿಗೆ ಇಳಿದರೆ ಒಂದು ರಾಜ್ಯದ ಹಾಗೆ ಇನ್ನೊಂದು ಇಲ್ಲ. ನೆವಾಡದಲ್ಲಿ ಕಾಯುವ ಅವಧಿಯೇ ಇಲ್ಲ. ಲಾಸ್ ವೇಗಸ್‌ನ ಮದುವೆ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಸಿಕ್ಕ ಮೇಲೆ 72 ಗಂಟೆ ಕಾಯಬೇಕು, ನ್ಯೂಯಾರ್ಕ್‌ನಲ್ಲಿ 24 ಗಂಟೆ. ಕೊಲೊರಾಡೊದಲ್ಲಿ ಮದುವೆ ಮಾಡಿಸುವವರೇ ಬೇಡ, ಜೋಡಿಯೇ ತಮ್ಮ ಮದುವೆ ತಾವು ಮಾಡಿಕೊಳ್ಳಬಹುದು. ಪೆನ್ಸಿಲ್ವೇನಿಯಾದಲ್ಲೂ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಪದ್ಧತಿಯಿಂದ ಬಂದ ಅಂಥದ್ದೇ ಒಂದು ಲೈಸೆನ್ಸ್ ಇದೆ. ಮೊಂಟಾನದಲ್ಲಂತೂ ಇಬ್ಬರೂ ಹಾಜರಿಲ್ಲದೆ, ಇಬ್ಬರ ಪರವಾಗಿಯೂ ಬೇರೆಯವರು ನಿಂತು ಮದುವೆ ಮುಗಿಸಬಹುದು. ಷರತ್ತು ಏನೆಂದರೆ, ಜೋಡಿಯಲ್ಲಿ ಒಬ್ಬರು ಸೇನೆಯಲ್ಲಿರಬೇಕು ಅಥವಾ ಆ ರಾಜ್ಯದವರಾಗಿರಬೇಕು. ಅಲಬಾಮ 2019ರಲ್ಲಿ ಲೈಸೆನ್ಸನ್ನೇ ತೆಗೆದುಹಾಕಿತು. ಈಗ ಅಲ್ಲಿ ಜೋಡಿ ಒಂದು ಫಾರ್ಮ್ ತುಂಬಿ, ನೋಟರಿ ಮುಂದೆ ಸಹಿ ಹಾಕಿ, ದಾಖಲೆಗೆ ಕೊಟ್ಟರೆ ಮುಗಿಯಿತು. ಸಲಿಂಗ ಜೋಡಿಗಳಿಗೆ ಲೈಸೆನ್ಸ್ ಕೊಡಲು ಮನಸ್ಸಿಲ್ಲದ ಕೆಲವು ನ್ಯಾಯಾಧೀಶರು ಯಾರಿಗೂ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿದ್ದರು. ಆ ಜಗಳಕ್ಕೆ ರಾಜ್ಯ ಕಂಡುಕೊಂಡ ದಾರಿ ಇದು.

ಇಷ್ಟೊಂದು ಬಗೆ ಇರುವಾಗ ಜನ ರಾಜ್ಯದಿಂದ ರಾಜ್ಯಕ್ಕೆ ಹೇಗೆ ಓಡಾಡುತ್ತಾರೆ? ಒಂದು ಹಳೆಯ ನಿಯಮ ಅವರನ್ನು ಕಾಪಾಡುತ್ತದೆ: ಮದುವೆ ಎಲ್ಲಿ ಆಯಿತೋ ಅಲ್ಲಿ ಅದು ಸರಿಯಿದ್ದರೆ, ಎಲ್ಲ ಕಡೆಯೂ ಸರಿ. ಬೇರೆ ದೇಶದಲ್ಲಿ ಆದ ಮದುವೆಗಳಿಗೂ ಅಮೆರಿಕದ ಕೋರ್ಟುಗಳು ಬಹುಪಾಲು ಇದನ್ನೇ ಅನ್ವಯಿಸುತ್ತವೆ. ಇಲ್ಲದಿದ್ದರೆ ಗಡಿ ದಾಟಿದಾಗಲೆಲ್ಲ ಮದುವೆ ಕಳಚಿ ಬೀಳುತ್ತಿತ್ತು ಅಲ್ವಾ?

ಈ ನಿಯಮಕ್ಕೆ ಒಂದು ಬಾಲ ಇದೆ. ಆ ಮದುವೆ ನಮ್ಮ ರಾಜ್ಯದ ಗಟ್ಟಿ ನೀತಿಗೆ ತೀರಾ ವಿರುದ್ಧವಾಗಿದ್ದರೆ ನಾವು ಒಪ್ಪುವುದಿಲ್ಲ ಎಂದು ರಾಜ್ಯ ಹೇಳಬಹುದು. ಜಗಳವೆಲ್ಲ ಈ ಬಾಲದ್ದೇ.

ನನಗೆ ತುಂಬಾ ಇಷ್ಟವಾದ ಮೊಕದ್ದಮೆ ನ್ಯೂಯಾರ್ಕಿನದು. ವಾದಗಳಿಗಿಂತ ಅದರ ಹಿಂದಿನ ಕಥೆ ಚೆನ್ನಾಗಿದೆ. 1913ರಲ್ಲಿ ಒಬ್ಬ ಯಹೂದಿ ವ್ಯಕ್ತಿ ತನ್ನ ಮಲಸಂಬಂಧದ ಸೋದರ ಸೊಸೆಯನ್ನು (ಅಪ್ಪ ಅಥವಾ ಅಮ್ಮ ಒಬ್ಬರು ಮಾತ್ರ ಒಂದೇ ಆಗಿದ್ದ ಒಡಹುಟ್ಟಿನ ಮಗಳನ್ನು) ಮದುವೆಯಾಗಬೇಕೆಂದುಕೊಂಡ. ಆಗಿನ ನ್ಯೂಯಾರ್ಕ್ ಕಾನೂನಿನಲ್ಲಿ ಅಂಥ ಮದುವೆ ಅಸಿಂಧು, ಜೊತೆಗೆ ಅಪರಾಧ ಕೂಡ. ಆದರೆ ಹತ್ತಿರದ ರೋಡ್ ಐಲೆಂಡ್ ರಾಜ್ಯದ ಕಾನೂನು ಯಹೂದಿಗಳಿಗೆ ಅವರ ಧರ್ಮ ಒಪ್ಪುವ ಸಂಬಂಧದಲ್ಲಿ ಮದುವೆಯಾಗಲು ಬಿಡುತ್ತಿತ್ತು. ಇಬ್ಬರೂ ಅಲ್ಲಿಗೆ ಹೋದರು, ಮದುವೆಯಾದರು, ಎರಡೇ ವಾರದಲ್ಲಿ ನ್ಯೂಯಾರ್ಕಿಗೆ ಮರಳಿದರು. 32 ವರ್ಷ ಸಂಸಾರ ಮಾಡಿದರು. ಆರು ಮಕ್ಕಳಾದರು. ಹೆಂಡತಿ 1945ರಲ್ಲಿ ತೀರಿಕೊಂಡ ಮೇಲೆ ಆಕೆಯ ಆಸ್ತಿ ನೋಡಿಕೊಳ್ಳುವ ಹಕ್ಕು ಯಾರದ್ದು ಎಂಬ ತಕರಾರು ಎದ್ದಿತು. ಈತ ಕಾನೂನು ಪ್ರಕಾರ ಗಂಡನೇ ಅಲ್ಲ ಎಂದು ವಾದಿಸಿದ್ದು ಹೊರಗಿನವರಲ್ಲ, ಸ್ವಂತ ಮಗಳು!

1953ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ಕೋರ್ಟು ಗಂಡನ ಪರ ನಿಂತಿತು. ಇಂಥ ಮದುವೆ ನಮ್ಮಲ್ಲಿ ನಡೆಯಬಾರದು ಎಂದು ನಮ್ಮ ಕಾನೂನು ಹೇಳಿದೆ, ನಿಜ. ಆದರೆ ಬೇರೆ ಕಡೆ ನಡೆದದ್ದೂ ಇಲ್ಲಿ ಸಲ್ಲದು ಎಂದು ಎಲ್ಲೂ ಬರೆದಿಲ್ಲ. ಮದುವೆಯಾದ ಜಾಗದಲ್ಲಿ ಅದು ಸರಿಯಿತ್ತು, ಹಾಗಾಗಿ ಇಲ್ಲೂ ಸರಿ. ಅಂದರೆ ನ್ಯೂಯಾರ್ಕ್ ಆಗ ತಾನು ಮಾಡಿಸದ ಮದುವೆಯನ್ನು ಮದುವೆ ಎಂದು ಒಪ್ಪಿತು. ನಾನು ಮಾಡಿಸುವುದಿಲ್ಲ ಎನ್ನುವುದು ಬೇರೆ, ಆದದ್ದನ್ನು ಆಗಲೇ ಇಲ್ಲ ಎನ್ನುವುದು ಬೇರೆ. ಈ ತೀರ್ಪಿನಷ್ಟು ಚೆನ್ನಾಗಿ ಈ ವ್ಯತ್ಯಾಸವನ್ನು ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಅದೇ 1913ರಲ್ಲಿ ಮಸಾಚುಸೆಟ್ಸ್ ರಾಜ್ಯ ತದ್ವಿರುದ್ಧ ದಿಕ್ಕಿನ ಕಾನೂನು ತಂದಿತು. ಹೊರ ರಾಜ್ಯದ ಜೋಡಿಯ ಮದುವೆ ಅವರ ಸ್ವಂತ ರಾಜ್ಯದಲ್ಲಿ ಅಸಿಂಧು ಆಗುವಂತಿದ್ದರೆ, ನಾವು ಅವರಿಗೆ ಮದುವೆ ಮಾಡಿಸುವುದಿಲ್ಲ ಎಂದು. ಬಿಳಿಯರು ಮತ್ತು ಕರಿಯರ ನಡುವಿನ ಮದುವೆಗೆ ಅನೇಕ ರಾಜ್ಯಗಳು ಅಡ್ಡಗೋಡೆ ಕಟ್ಟಿದ್ದ ಕಾಲ ಅದು. ಆಮೇಲೆ ಈ ಕಾನೂನು ದಶಕಗಳ ಕಾಲ ಪುಸ್ತಕದಲ್ಲಿ ಧೂಳು ಹಿಡಿಯಿತು. 2004ರ ಮೇ 17ರಂದು ಸಲಿಂಗ ಮದುವೆಗೆ ಬಾಗಿಲು ತೆರೆದ ಮೊದಲ ರಾಜ್ಯವಾಯಿತು ಮಸಾಚುಸೆಟ್ಸ್. ಆಗ ಗವರ್ನರ್ ಮಿಟ್ ರೋಮ್ನಿ ಈ ಹಳೆಯ ಕಾನೂನಿನ ಧೂಳು ಕೊಡವಿ, ಹೊರ ರಾಜ್ಯದ ಸಲಿಂಗ ಜೋಡಿಗಳನ್ನು ತಡೆಯಲು ಬಳಸಿದರು. ಅದು ರದ್ದಾಗಿದ್ದು 2008ರಲ್ಲಿ.

ಒಪ್ಪುವುದಿಲ್ಲ ಎಂಬ ಹಟ ಎಷ್ಟು ಕ್ರೂರವಾಗಬಹುದು ಎನ್ನುವುದಕ್ಕೆ ವರ್ಜೀನಿಯಾದ ಲವಿಂಗ್ ದಂಪತಿಯ ಪ್ರಕರಣ ನೋಡಬೇಕು. ರಿಚರ್ಡ್ ಬಿಳಿಯ, ಮಿಲ್ಡ್ರೆಡ್ ಬಿಳಿಯರಲ್ಲ. 1958ರಲ್ಲಿ ವಾಷಿಂಗ್ಟನ್ ಡಿ.ಸಿ.ಗೆ ಹೋಗಿ ಮದುವೆಯಾಗಿ ಊರಿಗೆ ಬಂದರು. ಒಂದು ರಾತ್ರಿ ಪೊಲೀಸರು ನೇರ ಮಲಗುವ ಕೋಣೆಗೇ ನುಗ್ಗಿದರು. ಗೋಡೆಯ ಮೇಲೆ ಮದುವೆ ಸರ್ಟಿಫಿಕೇಟ್ ನೇತಾಡುತ್ತಿತ್ತು. ಇದು ಇಲ್ಲಿ ನಡೆಯುವುದಿಲ್ಲ ಎಂದರು. ಒಂದು ವರ್ಷ ಜೈಲು, ಇಲ್ಲವೇ 25 ವರ್ಷ ಇಬ್ಬರೂ ಒಟ್ಟಿಗೆ ವರ್ಜೀನಿಯಾಕ್ಕೆ ಕಾಲಿಡಬಾರದು ಎಂಬುದು ಶಿಕ್ಷೆ. 1967ರ ಜೂನ್ 12ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕಾನೂನನ್ನು ಹೊಡೆದುಹಾಕಿತು. ಆ ಹೊತ್ತಿಗೂ 16 ರಾಜ್ಯಗಳಲ್ಲಿ ಇಂಥ ನಿಷೇಧ ಉಳಿದಿತ್ತು. ಅಲಬಾಮದ ಸಂವಿಧಾನದಿಂದ ಆ ಸಾಲು ಹೋಗಲು 2000ನೇ ಇಸವಿ ಬರಬೇಕಾಯಿತು.

ಇಲ್ಲಿ ಒಬ್ಬ ಜಾಣ ಓದುಗ ಕೇಳಬಹುದು. ಒಂದು ರಾಜ್ಯದ ಕಾನೂನು, ದಾಖಲೆ, ಕೋರ್ಟ್ ತೀರ್ಪುಗಳಿಗೆ ಇನ್ನೊಂದು ರಾಜ್ಯ ಪೂರ್ಣ ಬೆಲೆ ಕೊಡಬೇಕು ಎಂದು ಅಮೆರಿಕದ ಸಂವಿಧಾನದ ನಾಲ್ಕನೇ ವಿಧಿ ಹೇಳುತ್ತದಲ್ಲ? ಹೇಳುತ್ತದೆ. ಆದರೆ ಅದು ಗಟ್ಟಿಯಾಗಿ ಕಟ್ಟಿಹಾಕುವುದು ಕೋರ್ಟಿನ ತೀರ್ಪುಗಳ ವಿಷಯದಲ್ಲಿ. ಮದುವೆ ಸರ್ಟಿಫಿಕೇಟ್ ಕೋರ್ಟ್ ತೀರ್ಪಲ್ಲ. ಡೈವೋರ್ಸ್ ಮಾತ್ರ ಕೋರ್ಟ್ ತೀರ್ಪೇ. ಹಾಗಾಗಿ ಮದುವೆಗಿಂತ ಡೈವೋರ್ಸ್‌ಗೇ ಗಡಿ ದಾಟುವ ತಾಕತ್ತು ಜಾಸ್ತಿ!

ಅದಕ್ಕೂ ಮಿತಿ ಇದೆ. ನೆವಾಡ 1931ರಲ್ಲಿ ಆರೇ ವಾರ ವಾಸವಿದ್ದವರಿಗೆ ಡೈವೋರ್ಸ್ ಕೊಡತೊಡಗಿತು. ಉತ್ತರ ಕ್ಯಾರೊಲಿನಾದ ಇಬ್ಬರು ತಮ್ಮ ತಮ್ಮ ಸಂಗಾತಿಗಳನ್ನು ಬಿಟ್ಟು ಅಲ್ಲಿಗೆ ಹೋದರು. ಆರು ವಾರ ಇದ್ದು ಡೈವೋರ್ಸ್ ಪಡೆದು, ಪರಸ್ಪರ ಮದುವೆಯಾಗಿ ಊರಿಗೆ ಬಂದರು. ಊರಿನಲ್ಲಿ ಕೇಸು ಬಿತ್ತು. 1942ರಲ್ಲಿ ಸುಪ್ರೀಂ ಕೋರ್ಟ್ ನೆವಾಡದ ಡೈವೋರ್ಸ್‌ಗೆ ಬೆಲೆ ಕೊಡಬೇಕು ಎಂದಿತು. 1945ರಲ್ಲಿ ಅದೇ ಪ್ರಕರಣ ಮತ್ತೆ ಬಂದಾಗ, ಅವರು ನಿಜವಾಗಿ ನೆವಾಡದ ನಿವಾಸಿಗಳಾಗಿದ್ದರೇ ಎಂದು ಪರಿಶೀಲಿಸುವ ಹಕ್ಕು ಉತ್ತರ ಕ್ಯಾರೊಲಿನಾಕ್ಕೆ ಇದೆ ಎಂದು ಹೇಳಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಡೈವೋರ್ಸ್‌ಗೆ ವಾಸದ ಷರತ್ತು ಯಾಕಿದೆ ಎಂದು ಇದರಿಂದ ಗೊತ್ತಾಗುತ್ತದೆ. ಮದುವೆಗೆ ಮಾತ್ರ ಸಾಮಾನ್ಯವಾಗಿ ಅಂಥ ಷರತ್ತು ಇಲ್ಲ. ಯಾವ ರಾಜ್ಯಕ್ಕಾದರೂ ಹೋಗಿ ಮದುವೆಯಾಗಬಹುದು, ಡೈವೋರ್ಸ್ ಬೇಕಾದರೆ ವಾಸವಿರುವ ಕಡೆಯೇ ಕೇಳಬೇಕು. 2015ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಯನ್ನು ಎಲ್ಲ ರಾಜ್ಯಗಳೂ ಒಪ್ಪಬೇಕು ಎನ್ನುವ ಮೊದಲು ಹಲವು ಸಲಿಂಗ ಜೋಡಿಗಳು ಈ ಸಂದಿಯಲ್ಲಿ ಸಿಕ್ಕಿಬಿದ್ದರು. ಮದುವೆ ಆದ ರಾಜ್ಯ, ನೀವು ಇಲ್ಲಿಯವರಲ್ಲ, ಡೈವೋರ್ಸ್ ಕೊಡುವುದಿಲ್ಲ ಎನ್ನುತ್ತಿತ್ತು. ಇದ್ದ ರಾಜ್ಯ, ನಿಮಗೆ ಮದುವೆಯೇ ಆಗಿಲ್ಲ, ಡೈವೋರ್ಸ್ ಎಲ್ಲಿಂದ ಬಂತು ಎನ್ನುತ್ತಿತ್ತು.

ಇನ್ನು ಲೈಸೆನ್ಸ್, ಪಾದ್ರಿ ಏನೂ ಇಲ್ಲದೆ ಆಗುವ ಮದುವೆ. ಇದನ್ನು ಕಾಮನ್ ಲಾ ಮ್ಯಾರೇಜ್ ಎನ್ನುತ್ತಾರೆ. ಏಳು ವರ್ಷ ಒಟ್ಟಿಗಿದ್ದರೆ ತಾನಾಗಿ ಮದುವೆಯಾದಂತೆ ಎಂದು ಅಮೆರಿಕದಲ್ಲಿ ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಬರೀ ಜೊತೆಗಿದ್ದು ವರ್ಷ ಎಣಿಸಿದರೆ ಮದುವೆ ಆಗುವುದಿಲ್ಲ. ಟೆಕ್ಸಸ್ ಕೇಳುವುದು ಮೂರು ವಿಷಯ: ನಾವು ಗಂಡ-ಹೆಂಡತಿ ಎಂದು ಇಬ್ಬರೂ ಒಪ್ಪಿರಬೇಕು, ಆಮೇಲೆ ಆ ರಾಜ್ಯದಲ್ಲಿ ಒಟ್ಟಿಗೆ ಸಂಸಾರ ಮಾಡಿರಬೇಕು, ನಾಲ್ಕು ಜನರ ಮುಂದೆ ಹಾಗೆಂದು ಹೇಳಿಕೊಂಡಿರಬೇಕು. ಮೂರೂ ಇದ್ದರೆ ಒಂದು ದಿನದ ಸಂಸಾರವೂ ಮದುವೆಯಾಗಬಹುದು. ಇಲ್ಲದಿದ್ದರೆ 30 ವರ್ಷ ಒಟ್ಟಿಗಿದ್ದರೂ ಇಲ್ಲ. ಇನ್ಶೂರೆನ್ಸ್ ಫಾರ್ಮ್‌ನಲ್ಲಿ ಏನು ಬರೆದಿದ್ದೀರಿ, ತೆರಿಗೆ ಲೆಕ್ಕ ಒಟ್ಟಿಗೆ ಕೊಟ್ಟಿದ್ದೀರಾ, ಪಕ್ಕದ ಮನೆಯವರಿಗೆ ಏನೆಂದು ಪರಿಚಯ ಮಾಡಿಕೊಟ್ಟಿರಿ, ಎಲ್ಲವೂ ಆಮೇಲೆ ಸಾಕ್ಷಿಯಾಗುತ್ತದೆ.

ಕೊಲೊರಾಡೊ, ಐಯೊವಾ, ಕಾನ್ಸಸ್, ಮೊಂಟಾನ, ರೋಡ್ ಐಲೆಂಡ್‌ನಂಥ ಕೆಲವೇ ಕಡೆ ಇದು ಉಳಿದಿದೆ. ಪೆನ್ಸಿಲ್ವೇನಿಯಾ 2005ರಿಂದ, ಅಲಬಾಮ 2017ರಿಂದ ಹೊಸದಾಗಿ ಒಪ್ಪುವುದನ್ನು ನಿಲ್ಲಿಸಿದವು. ದಕ್ಷಿಣ ಕ್ಯಾರೊಲಿನಾದಲ್ಲಿ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದಕ್ಕೆ ತೆರೆ ಎಳೆಯಿತು. ನ್ಯೂ ಹ್ಯಾಂಪ್‌ಶೈರ್‌ನದು ವಿಚಿತ್ರ ಲೆಕ್ಕ. ಮೂರು ವರ್ಷ ದಂಪತಿಯಂತೆ ಬಾಳಿದವರಲ್ಲಿ ಒಬ್ಬರು ಸತ್ತ ಮೇಲೆ ಮಾತ್ರ ಅವರು ಮದುವೆಯಾಗಿದ್ದರು ಎಂದು ಅದು ಒಪ್ಪುತ್ತದೆ. ಬದುಕಿರುವಾಗ ಅಲ್ಲ!

ಇಲ್ಲೂ ಆ ಹಳೆಯ ನಿಯಮ ಕೆಲಸ ಮಾಡುತ್ತದೆ. ಕ್ಯಾಲಿಫೋರ್ನಿಯಾ ಕಾಮನ್ ಲಾ ಮ್ಯಾರೇಜನ್ನು 1895ರಲ್ಲೇ ಕೈಬಿಟ್ಟಿದೆ. ಆದರೂ ಟೆಕ್ಸಸ್‌ನಲ್ಲಿ ಹಾಗೆ ಮದುವೆಯಾದವರು ಬಂದು ನೆಲೆಸಿದರೆ ಅವರನ್ನು ದಂಪತಿ ಎಂದೇ ನೋಡುತ್ತದೆ. ಸುಲಭವಾಗಿ ಕಟ್ಟಿದ ಈ ಗಂಟು ಸುಲಭವಾಗಿ ಬಿಚ್ಚುವುದಿಲ್ಲ ಎನ್ನುವುದು ನೆನಪಿರಲಿ. ಕಾಮನ್ ಲಾ ಡೈವೋರ್ಸ್ ಎಂಬುದು ಇಲ್ಲ. ಬೇರೆಯಾಗಬೇಕಾದರೆ ಎಲ್ಲರ ಹಾಗೆ ಕೋರ್ಟ್ ಮೆಟ್ಟಿಲು ಹತ್ತಬೇಕು. ಸುಮ್ನೆ ಮನೆ ಬಿಟ್ಟು ಹೋಗಿ ಇನ್ನೊಬ್ಬರನ್ನು ಮದುವೆಯಾದರೆ ಆ ಎರಡನೇ ಮದುವೆ ನಿಲ್ಲದೇ ಹೋಗಬಹುದು.

ವಯಸ್ಸು ಮತ್ತು ರಕ್ತಸಂಬಂಧದ ಬಗ್ಗೆ ಎರಡು ಮಾತು. 18 ವರ್ಷಕ್ಕೆ ಮೊದಲು ಯಾವ ವಿನಾಯಿತಿಯೂ ಇಲ್ಲದೆ ಮದುವೆ ಬೇಡ ಎಂದ ಮೊದಲ ರಾಜ್ಯ ಡೆಲವೇರ್, ಅದೂ 2018ರಲ್ಲಿ. ಅಷ್ಟು ತಡವಾಗಿ ಎಂದು ಓದಿದಾಗ ನಾನು ಇಸವಿಯನ್ನು ಇನ್ನೊಮ್ಮೆ ನೋಡಿಕೊಂಡಿದ್ದೆ. ಇನ್ನು ಸಂಬಂಧದ ವಿಷಯ. ಕನ್ನಡದಲ್ಲಿ ಸೋದರಮಾವನ ಮಗಳು ಬೇರೆ, ಚಿಕ್ಕಪ್ಪನ ಮಗಳು ಬೇರೆ. ಅಲ್ಲಿನ ಕಾನೂನಿಗೆ ಇಬ್ಬರೂ ಫಸ್ಟ್ ಕಸಿನ್. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಅಂಥ ಮದುವೆಗೆ ಅಡ್ಡಿ ಮಾಡುವುದಿಲ್ಲ. ಅನೇಕ ರಾಜ್ಯಗಳು ಬೇಡ ಎನ್ನುತ್ತವೆ. ಟೆನೆಸಿ 2024ರಲ್ಲಿ ನಿಷೇಧಿಸಿತು. ಇಲಿನಾಯ್ಸ್‌ನಲ್ಲಿ ಇಬ್ಬರಿಗೂ 50 ದಾಟಿದ್ದರೆ ಆಗಬಹುದು, ಅರಿಜೋನದಲ್ಲಿ 65. ನಿಷೇಧ ಇರುವ ರಾಜ್ಯಗಳಲ್ಲೂ ಕೆಲವು ಹೊರಗೆ ಆದ ಇಂಥ ಮದುವೆಯನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ.

ರಾಜ್ಯಗಳ ಮೇಲೆ ಕೇಂದ್ರ ಸರ್ಕಾರ ಕೂತಿದೆಯಲ್ಲ, ಅದರ ಕಚೇರಿಗಳಿಗೂ ಒಂದೇ ಅಳತೆ ಇಲ್ಲ. ತೆರಿಗೆ ಇಲಾಖೆ ಮದುವೆ ಎಲ್ಲಿ ಆಯಿತು ಎಂದು ನೋಡುತ್ತದೆ. ಸೋಷಿಯಲ್ ಸೆಕ್ಯುರಿಟಿ ಎಂಬ ಪಿಂಚಣಿ ವ್ಯವಸ್ಥೆಯ ಕಾನೂನು, ವಾಸವಿರುವ ರಾಜ್ಯ ಏನು ಹೇಳುತ್ತದೆ ಎಂದು ಕೇಳುತ್ತದೆ. ವಲಸೆ ಇಲಾಖೆಯೂ ಮದುವೆಯಾದ ಜಾಗವನ್ನೇ ನೋಡುತ್ತದೆ, ಆದರೆ ಇಬ್ಬರೂ ಒಂದೇ ಕಡೆ ಇಲ್ಲದೆ ಆದ ಮದುವೆಯಾದರೆ, ಆಮೇಲೆ ಅವರು ಗಂಡ-ಹೆಂಡತಿಯಾಗಿ ಕೂಡಿರಬೇಕು ಎನ್ನುತ್ತದೆ. ಯೂಟಾ ರಾಜ್ಯದ ಯೂಟಾ ಕೌಂಟಿಯಲ್ಲಿ ವಿಡಿಯೊ ಕಾಲ್ ಮೇಲೆ ಮದುವೆಯಾಗಿ, ಅದರ ಆಧಾರದ ಮೇಲೆ ವೀಸಾ ಕೇಳುವವರು ತಿಳಿದಿರಬೇಕಾದ ಮಾತು ಇದು.

ಮೊದಲು ಕೇಂದ್ರದ್ದು ತನ್ನದೇ ಒಂದು ವ್ಯಾಖ್ಯೆ ಇತ್ತು. 1996ರ ಕಾನೂನೊಂದು, ಕೇಂದ್ರದ ಪಾಲಿಗೆ ಮದುವೆ ಎಂದರೆ ಒಂದು ಗಂಡು ಒಂದು ಹೆಣ್ಣು ಎಂದಿತ್ತು. ಬೇರೆ ರಾಜ್ಯದ ಸಲಿಂಗ ಮದುವೆಯನ್ನು ಒಪ್ಪದಿರಲು ರಾಜ್ಯಗಳಿಗೆ ಅವಕಾಶವನ್ನೂ ಕೊಟ್ಟಿತ್ತು. ಈಡಿತ್ ವಿಂಡ್ಸರ್ ಎಂಬ ಮಹಿಳೆ ತಮ್ಮ ಹೆಂಡತಿ ಥಿಯಾ ಸ್ಪೈಯರ್ 2009ರಲ್ಲಿ ತೀರಿಕೊಂಡಾಗ 3,63,053 ಡಾಲರ್ ಆಸ್ತಿ ತೆರಿಗೆ ಕಟ್ಟಬೇಕಾಯಿತು. ಗಂಡ ಸತ್ತಿದ್ದರೆ ಒಂದು ಡಾಲರನ್ನೂ ಕಟ್ಟಬೇಕಿರಲಿಲ್ಲ. ಅವರು ಕೋರ್ಟಿಗೆ ಹೋದರು. 2013ರ ಜೂನ್ 26ರಂದು ಸುಪ್ರೀಂ ಕೋರ್ಟ್ ಆ ವ್ಯಾಖ್ಯೆಯನ್ನು ರದ್ದು ಮಾಡಿತು. ಬಾಲ್ಟಿಮೋರ್‌ಗೆ ಆ ವಿಮಾನ ಹೊರಟಿದ್ದು ಇದಾಗಿ 15 ದಿನಕ್ಕೆ.

ಜಾನ್ ಆರ್ಥರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಡೆತ್ ಸರ್ಟಿಫಿಕೇಟ್ ಕೇಸು ಬೇರೆ ರಾಜ್ಯಗಳ ಕೇಸುಗಳ ಜೊತೆ ಸೇರಿ ಸುಪ್ರೀಂ ಕೋರ್ಟ್ ತಲುಪಿತು. ಅಲ್ಲಿ ಪ್ರಶ್ನೆ ಎರಡು. ರಾಜ್ಯಗಳು ಸಲಿಂಗ ಜೋಡಿಗೆ ಲೈಸೆನ್ಸ್ ಕೊಡಲೇಬೇಕೇ? ಬೇರೆ ಕಡೆ ಆದ ಅಂಥ ಮದುವೆಯನ್ನು ಒಪ್ಪಲೇಬೇಕೇ? 2015ರ ಜೂನ್ 26ರಂದು ಐದು ನ್ಯಾಯಮೂರ್ತಿಗಳು ಎರಡಕ್ಕೂ ಹೌದು ಎಂದರು, ನಾಲ್ವರು ಅಲ್ಲ ಎಂದರು.

2022ರ ಡಿಸೆಂಬರ್ 13ರಂದು ಇನ್ನೊಂದು ಕಾನೂನು ಬಂತು. ಈ ತೀರ್ಪು ಮುಂದೆ ಎಂದಾದರೂ ಉರುಳಿದರೆ ಏನು ಗತಿ ಎಂಬ ಭಯದಲ್ಲಿ ಬಂದ ಕಾನೂನು. ಇನ್ನೊಂದು ರಾಜ್ಯದಲ್ಲಿ ಸರಿಯಾಗಿ ಆದ ಮದುವೆಯನ್ನು ಲಿಂಗ, ಜನಾಂಗ, ಜನಾಂಗೀಯ ಹಿನ್ನೆಲೆ, ಮೂಲ ದೇಶದ ಕಾರಣಕ್ಕೆ ಯಾವ ರಾಜ್ಯವೂ ತಳ್ಳಿಹಾಕುವಂತಿಲ್ಲ ಎನ್ನುತ್ತದೆ ಅದು. 1996ರ ಕಾನೂನನ್ನೂ ಅದು ಅಳಿಸಿತು. ಗಮನಿಸಿ, ಎರಡು ಪ್ರಶ್ನೆಗಳಲ್ಲಿ ಅದು ಉತ್ತರಿಸಿದ್ದು ಒಂದಕ್ಕೆ ಮಾತ್ರ. ಒಪ್ಪಿ ಎಂದಿದೆ, ಲೈಸೆನ್ಸ್ ಕೊಡಿ ಎಂದಿಲ್ಲ. ಕಸಿನ್ ಮದುವೆ, ವಯಸ್ಸಿನ ತಕರಾರು ಇದರ ವ್ಯಾಪ್ತಿಗೆ ಬರುವುದೂ ಇಲ್ಲ. ಅವು ಹಳೆಯ ನಿಯಮ, ಅದರ ಬಾಲದ ಜೊತೆಗೇ ಏಗಬೇಕು.

ಹಳೆಯ ನಿಷೇಧಗಳು ಕಾಗದದ ಮೇಲಿಂದ ಎಲ್ಲ ಕಡೆಯೂ ಹೋಗಿಲ್ಲ. ನೆವಾಡದ ಮತದಾರರು 2020ರಲ್ಲಿ ತಮ್ಮ ಸಂವಿಧಾನದ ನಿಷೇಧವನ್ನು ತೆಗೆದರು. ಕ್ಯಾಲಿಫೋರ್ನಿಯಾ, ಕೊಲೊರಾಡೊ, ಹವಾಯಿ 2024ರ ನವೆಂಬರ್‌ನಲ್ಲಿ ತಿದ್ದಿಕೊಂಡವು. ಟೆಕ್ಸಸ್, ಒಹಾಯೊದಂಥ ಅನೇಕ ರಾಜ್ಯಗಳಲ್ಲಿ ಆ ಸಾಲುಗಳು ನಿದ್ದೆಯಲ್ಲಿವೆ. 2015ರ ತೀರ್ಪು ಇರುವವರೆಗೆ ಅವುಗಳಿಗೆ ಜೀವವಿಲ್ಲ. ಅದು ಬಿದ್ದರೆ, ಒಹಾಯೊದ ಜೋಡಿಯೊಂದು ಮದುವೆಗಾಗಿ ಮತ್ತೆ ಮೇರಿಲ್ಯಾಂಡಿಗೆ ಹೋಗಬೇಕಾಗಬಹುದು. ಈ ಸಲ ವಾಪಸ್ ಬಂದಾಗ ಒಹಾಯೊ ಅದನ್ನು ಮದುವೆ ಎಂದು ಬರೆದುಕೊಳ್ಳಲೇಬೇಕು.